ಹಬೆ ಕೋಣೆಯ ಹಳೆ ಟೇಪು

ಮಿಷನ್ ಆಸ್ಪತ್ರೆಗೆ ಮುಂಬಾಗಿಲಿನಿಂದ ಬಂದವರ ಕಣ್ಣಿಗೆ ಹಬೆಯಕ್ಕ ಬೀಳುತ್ತಿರಲಿಲ್ಲ. ಮುಂದೆ ಹೂವಿನ ಕುಂಡಗಳು, ಸುಣ್ಣ ಬಳಿದ ಗೋಡೆ, ಸಮುದ್ರ ದಾಟಿ ಬಂದ ಡಾಕ್ಟರುಗಳ ಫೋಟೋ. ಹಿಂದೆ, ಬಟ್ಟೆ ಒಗೆಯುವ ಕಲ್ಲು ದಾಟಿದರೆ, ಸೌದೆ ಕೊಟ್ಟಿಗೆಗೆ ಒತ್ತಿಕೊಂಡಂತೆ ಒಂದು ಚಿಕ್ಕ ಕೋಣೆ. ಚಳಿಗಾಲದಲ್ಲೂ ಅದರ ಗೋಡೆ ಬೆವರುತ್ತಿತ್ತು. ಒಳಗೆ ಎದೆಮಟ್ಟದ ಕಬ್ಬಿಣದ ಡ್ರಮ್ಮು. ಅದರ ಮುಚ್ಚಳಕ್ಕೆ ಆರು ತಿರುಪು, ನೆತ್ತಿಯ ಮೇಲೆ ಗಡಿಯಾರದಂಥ ಒಂದು ಮುಳ್ಳು. ಡಾಕ್ಟರುಗಳು ಕಣ್ಣು ಕೊಯ್ಯುವ ಕತ್ತರಿ, ಚಿಮುಟ, ಸೂಜಿ ಎಲ್ಲವೂ ಆ ಡ್ರಮ್ಮಿನ ಹಬೆಯಲ್ಲಿ ಬೆಂದೇ ಹೊರಗೆ ಹೋಗಬೇಕು. ಬೇಯಿಸುವವಳು ಅವಳು. ಅದಕ್ಕೇ ಹಬೆಯಕ್ಕ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಹದಿನೆಂಟು ತುಂಬುವ ಹೊತ್ತಿಗೆ ಬ್ಯಾಂಡೇಜು ಒಗೆಯಲು ಸೇರಿದವಳು. ಆಗಿದ್ದ ಹಳೆಯ ಸಿಸ್ಟರ್ ಅವಳಿಗೆ ಕಲಿಸಿದ ಮೊದಲ ಪಾಠವೆಂದರೆ ಯಾವುದನ್ನೂ ಬಿಸಾಡಬಾರದು ಎನ್ನುವುದು. ರಬ್ಬರ್ ಕೈಗವಸುಗಳನ್ನು ತೊಳೆದು, ಉಬ್ಬಿಸಿ, ತೂತು ನೋಡಿ, ಪೌಡರು ಹಾಕಿ ಮತ್ತೆ ಬಳಸಬೇಕು. ಬ್ಯಾಂಡೇಜನ್ನು ಒಗೆದು ಸುತ್ತಬೇಕು. ಪೆಟ್ಟಿಗೆ ಕಟ್ಟಿ ಬಂದ ಹಗ್ಗವನ್ನೂ ಗಂಟು ಬಿಚ್ಚಿ ಇಡಬೇಕು. "ಇದೆಲ್ಲ ಯಾರೋ ಬಡವರು ತಮ್ಮ ಹೊಟ್ಟೆ ಕಟ್ಟಿ ಕಳಿಸಿದ್ದು" ಎನ್ನುತ್ತಿದ್ದರು ಆ ಸಿಸ್ಟರ್. ಹಬೆಯಕ್ಕ ಅದನ್ನು ಮೈಗೆ ಹಚ್ಚಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಅವಳ ಕೋಣೆಯಿಂದ ಒಂದು ಚೂರು ದಾರವೂ ಕಸದ ಬುಟ್ಟಿಗೆ ಹೋಗಲಿಲ್ಲ.

ಹೊರದೇಶದಿಂದ ದಾನವಾಗಿ ಬರುತ್ತಿದ್ದ ಪೆಟ್ಟಿಗೆಗಳಲ್ಲಿ ಕೆಲವು ವಿಚಿತ್ರವಾಗಿರುತ್ತಿದ್ದವು. ಒಮ್ಮೆ ಮೊಣಕೈವರೆಗೆ ಬರುವ ಉಣ್ಣೆಯ ಕೈಗವಸುಗಳು, ಇನ್ನೂರು ಜೊತೆ. ಇನ್ನೊಮ್ಮೆ ಒಂದು ಪೆಟ್ಟಿಗೆ ತುಂಬ ಎಡಗಾಲಿನ ಬೂಟುಗಳು. ಸಾಮಾನು ಸಾಗಿಸುವ ತಳ್ಳುಗಾಡಿಯ ತಾತ ಒಂದು ಬೂಟು ಎತ್ತಿ ಹಿಡಿದು, "ಬಲಗಾಲಿಂದು ಮುಂದಿನ ಹಡಗಲ್ಲಿ ಬರುತ್ತೆ, ಅಲ್ಲೀವರೆಗೂ ಕುಂಟ್ಕೊಂಡಿರಿ ಅಂತ ಬರ್ದಿದಾರೆ" ಎಂದು ಎಲ್ಲರನ್ನೂ ನಗಿಸಿದ್ದ. ಆದರೆ ಔಷಧಿ, ದಾರ, ಸೂಜಿ, ಟೇಪು ಬರುತ್ತಿದ್ದುದೂ ಅದೇ ಹಡಗಿನಲ್ಲಿ.

ಈ ಟೇಪಿನ ವಿಷಯ ಸ್ವಲ್ಪ ಹೇಳಬೇಕು. ಸಲಕರಣೆಗಳನ್ನು ಹಸಿರು ಬಟ್ಟೆಯಲ್ಲಿ ಲಕೋಟೆಯಂತೆ ಮಡಿಸಿ ಗಂಟು ಮಾಡಿ, ಮಡಿಕೆಯ ಮೇಲೆ ಒಂದು ಬೆರಳುದ್ದ ಟೇಪು ಅಂಟಿಸುತ್ತಿದ್ದರು. ತಣ್ಣಗಿದ್ದಾಗ ಟೇಪಿನ ಮೇಲಿನ ಗೆರೆ ಕಂಡೂ ಕಾಣದ ಹಾಗೆ ಇರುತ್ತದೆ. ಡ್ರಮ್ಮಿನಲ್ಲಿ ಸರಿಯಾಗಿ ಬೆಂದರೆ ಗೆರೆಗಳು ಇದ್ದಿಲ ಕಪ್ಪಾಗುತ್ತವೆ. ಕಪ್ಪು ಗೆರೆಯಿಲ್ಲದ ಗಂಟು ಆಪರೇಷನ್ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಈಗಿನ ಸಿಸ್ಟರ್ ಇದರಲ್ಲಿ ಬಹಳ ಕಟ್ಟುನಿಟ್ಟು. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರದ ಹೆಂಗಸು, ದೂರದೇಶದವರು. ಒಂಬತ್ತು ವರ್ಷ ಇಲ್ಲೇ ಇದ್ದು ಭಾಷೆ ಕಲಿತಿದ್ದರು. ಬೆನ್ನ ಹಿಂದೆ ಎಲ್ಲರೂ ಉದ್ದ ಸಿಸ್ಟರ್ ಎನ್ನುತ್ತಿದ್ದರು.

ಹಬೆಯಕ್ಕನಿಗೆ ಆ ಗೆರೆ ಬೇಕಿರಲಿಲ್ಲ. ಬೆಂದ ಬಟ್ಟೆಯ ವಾಸನೆ, ಮುಳ್ಳು ನಿಂತ ಜಾಗ, ಮುಚ್ಚಳದ ಸಿಳ್ಳು ಸಾಕಿತ್ತು. ಟೇಪೇನಿದ್ದರೂ ಸಿಸ್ಟರಿನ ಸಮಾಧಾನಕ್ಕೆ ಎಂದು ಅವಳ ಎಣಿಕೆ. ಆದರೂ ಬಳಸಿದ ಟೇಪನ್ನು ಬಿಸಾಡಲು ಮನಸ್ಸಾಗದೆ, ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಕಿಟಕಿಯ ಗಾಜಿಗೆ ಸಾಲಾಗಿ ಅಂಟಿಸಿಡುತ್ತಿದ್ದಳು. ಯಾತಕ್ಕೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಬಾಟಲಿಗೆ ಚೀಟಿ ಅಂಟಿಸಲಿಕ್ಕಾದರೂ ಆದೀತು ಅಂತ.

ಆ ವರ್ಷ ಕಣ್ಣಿನ ಶಿಬಿರ ಹನ್ನೆರಡು ದಿನದ್ದು. ವರ್ಷಕ್ಕೊಮ್ಮೆ ಇಬ್ಬರು ಡಾಕ್ಟರುಗಳು ಬರುತ್ತಾರೆ, ಪೊರೆ ಬಂದವರೆಲ್ಲ ಸುತ್ತಲ ಊರುಗಳಿಂದ ಗೋಡೆ ತಡವಿಕೊಂಡು ಬರುತ್ತಾರೆ. ಆ ಸಲ ಹಬೆಯಕ್ಕನ ಮನೆಯಿಂದಲೂ ಒಬ್ಬಳಿದ್ದಳು. ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೂ ಇಬ್ಬರೂ ಒಂದೇ ಒಲೆಯ ಮುಂದೆ ಜಗಳವಾಡಿಕೊಂಡು ಬಾಳಿದವರು. ಓರಗಿತ್ತಿಗೆ ಒಂದು ಕಣ್ಣು ಚಿಕ್ಕಂದಿನಲ್ಲೇ ಸುಣ್ಣ ಸಿಡಿದು ಹೋಗಿತ್ತು. ಉಳಿದ ಒಂದಕ್ಕೆ ಪೊರೆ ಬಂದು ಈಗ ಎರಡು ವರ್ಷ. ಹಗಲು ರಾತ್ರಿ ಎರಡೂ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ನಾಲಿಗೆ ಮಾತ್ರ ಚೂರಿಯಂತೆ ಚುರುಕಾಗಿತ್ತು.

"ಇರೋದು ಒಂದು ಕಣ್ಣು. ಅದನ್ನೂ ಕೊಯ್ಸಿಬಿಟ್ಟು ನನ್ನ ಮೂಲೇಲಿ ಕೂರಿಸೋ ಯೋಚನೆಯಾ ನಿಂದು?" ಎಂದಳು ಓರಗಿತ್ತಿ.

"ಈಗೇನು ನೀನು ಊರೆಲ್ಲ ನೋಡ್ಕೊಂಡು ಬರ್ತಿದೀಯಾ ಅಕ್ಕ? ನಿನ್ನೆ ಬೆಕ್ಕಿಗೆ ನನ್ನ ಹೆಸರಿಟ್ಟು ಬೈದೆ."

"ಇಬ್ಬರೂ ಹಾಲಿನ ಪಾತ್ರೆ ಹತ್ರಾನೇ ಸುಳಿಯೋರು. ಹೇಗೆ ಗೊತ್ತಾಗುತ್ತೆ?"

"ಸುಮ್ನೆ ಬಾ. ಕತ್ತರಿ ಚಿಮುಟ ಬೇಯ್ಸೋಳು ನಾನು. ನಿನ್ನ ಕಣ್ಣಿಗೆ ಹೋಗೋ ಸಾಮಾನು ನನ್ನ ಕೈ ದಾಟಿಯೇ ಹೋಗ್ಬೇಕು."

ಆ ಮಾತಿಗೆ ಓರಗಿತ್ತಿ ಒಪ್ಪಿದಳು. ಬೇರೆ ಯಾವ ಮಾತಿಗೂ ಒಪ್ಪುತ್ತಿರಲಿಲ್ಲ.

ಶಿಬಿರ ಶುರುವಾಗಿ ಮೂರನೆಯ ದಿನ ಟೇಪು ಮುಗಿಯಿತು. ಹೊಸ ಟೇಪಿದ್ದ ಪೆಟ್ಟಿಗೆ ಎರಡು ತಿಂಗಳಿಂದ ಬಂದರಿನ ಗೋದಾಮಿನಲ್ಲಿ ಕೂತಿತ್ತು. ಯಾವುದೋ ಕಾಗದಕ್ಕೆ ಯಾವುದೋ ಮೊಹರು ಬೀಳಬೇಕಿತ್ತಂತೆ. ಹೊರಗೆ ಬೆಂಚಿನ ಮೇಲೆ ಅರವತ್ತು ಜನ ಕಣ್ಣಿಗೆ ಹನಿ ಹಾಕಿಸಿಕೊಂಡು ಕಾಯುತ್ತಿದ್ದಾರೆ. ಟೇಪಿಲ್ಲ ಅಂದರೆ ಉದ್ದ ಸಿಸ್ಟರ್ ಕೆಲಸ ನಿಲ್ಲಿಸುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಹಬೆಯಕ್ಕ ಕಿಟಕಿಯ ಗಾಜು ನೋಡಿದಳು. ಅಲ್ಲಿ ನೂರಾರು ತುಂಡು, ಎಲ್ಲದರ ಮೇಲೂ ಅಚ್ಚುಕಟ್ಟಾದ ಕಪ್ಪು ಗೆರೆ.

ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಲೇ ಇಲ್ಲ. ಬೇಯಿಸುವುದರಲ್ಲಿ ಒಂದು ನಿಮಿಷವೂ ಕಡಿಮೆ ಮಾಡಲಿಲ್ಲ. ಆದರೆ ಹಳೆಯ ಟೇಪಿಗೆ ಅಂಟು ಸಾಲದು, ಬಿಸಿಬಿಸಿಯಾಗಿ ಒದ್ದೆಯಿದ್ದ ಬಟ್ಟೆಗೆ ಅದು ಹಿಡಿಯುತ್ತಿರಲಿಲ್ಲ. ಹಾಗಾಗಿ ಹಿಟ್ಟಿನ ಗೋಂದು ಸವರಿ, ಡ್ರಮ್ಮಿಗೆ ಹಾಕುವ ಮುಂಚೆಯೇ, ಬಟ್ಟೆ ಒಣಗಿ ತಣ್ಣಗಿದ್ದಾಗಲೇ ಅಂಟಿಸಿಬಿಡುತ್ತಿದ್ದಳು. ಈಗ ಬೆಂದ ಗಂಟಿಗೂ ಬೇಯದ ಗಂಟಿಗೂ ನೋಡಲು ಫರಕಿಲ್ಲ. ಕಿಟಕಿಯ ಕೆಳಗಿನ ಮೇಜಿನ ಮೇಲಿದ್ದರೆ ಹಸಿ, ಬಾಗಿಲ ಪಕ್ಕದ ಮೇಜಿನ ಮೇಲಿದ್ದರೆ ಬೆಂದದ್ದು. ಅವಳಿಗೆ ಗೊತ್ತಿತ್ತು, ಅಷ್ಟು ಸಾಕು ಎಂದುಕೊಂಡಳು. ಗಂಟುಗಳನ್ನು ಆಪರೇಷನ್ ಕೋಣೆಗೆ ಒಯ್ಯುವ ತಾತನಿಗೆ ಹೇಳಲಿಲ್ಲ. ಹೇಳಿದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಆರನೆಯ ದಿನ ಓರಗಿತ್ತಿಯ ಸರದಿ. ಬೆಳಿಗ್ಗೆ ಹತ್ತರ ಸುಮಾರಿಗೆ ವಾರ್ಡಿನ ನರ್ಸು ಓಡಿಬಂದಳು.

"ಅಕ್ಕಾ, ನಿಮ್ಮ ಮನೆಯವರು ಹನಿ ಹಾಕಿಸ್ಕೊಳ್ತಿಲ್ಲ. ನನ್ನ ಕೈ ಪರಚಿಬಿಟ್ರು. ನೀವೇ ಬಂದು ಹೇಳಿ."

ಹಬೆಯಕ್ಕ ಆಗತಾನೇ ಮೂರು ಗಂಟು ಕಟ್ಟಿ, ಟೇಪು ಅಂಟಿಸಿ, ಕಿಟಕಿಯ ಕೆಳಗೆ ಇಟ್ಟಿದ್ದಳು. ಡ್ರಮ್ಮಿಗೆ ನೀರು ಹಾಕಬೇಕಿತ್ತು. ಐದು ನಿಮಿಷದ ಕೆಲಸ, ಬಂದು ಮಾಡಿದರಾಯಿತು ಎಂದು ಕೈ ಒರೆಸಿಕೊಂಡು ಹೋದಳು. ಇಪ್ಪತ್ತಾರು ವರ್ಷದಲ್ಲಿ ಕೋಣೆಗೆ ಚಿಲಕ ಹಾಕದೆ ಹೋದದ್ದು ಎಷ್ಟೋ ಸಲ.

ಓರಗಿತ್ತಿ ಬೆಂಚಿನ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಬ್ಬ ದರ್ಜಿ, ಐವತ್ತರ ಆಸುಪಾಸು, ಎರಡು ಕಣ್ಣಿಗೂ ಪೊರೆ. ಈ ಸಲ ಬಲಗಣ್ಣು, ಮುಂದಿನ ವರ್ಷ ಎಡಗಣ್ಣು ಎಂದು ಡಾಕ್ಟರು ಹೇಳಿದ್ದರು. ಅವನು ಓರಗಿತ್ತಿಗೆ ಧೈರ್ಯ ಹೇಳುತ್ತಿದ್ದ.

"ನೋವಾಗಲ್ಲ ಅಮ್ಮಾ. ನಾನು ದಿನಾ ಬೆರಳಿಗೆ ಸೂಜಿ ಚುಚ್ಕೋತೀನಿ, ಯಾವ ಡಾಕ್ಟರೂ ಬಂದು ಕೈ ಹಿಡಿಯಲ್ಲ."

"ಹಾಗಾದ್ರೆ ನನ್ನ ಬದಲು ನೀನೇ ಮೊದ್ಲು ಹೋಗಪ್ಪ" ಎಂದಳು ಓರಗಿತ್ತಿ.

ಹಬೆಯಕ್ಕ ಅವಳ ಕೈ ಹಿಡಿದುಕೊಂಡು, ಬೈದು, ರಮಿಸಿ, ಹನಿ ಹಾಕಿಸಿದಳು. ಐದು ನಿಮಿಷ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಕೋಣೆಗೆ ವಾಪಸು ಬಂದು ನೋಡಿದರೆ ಕಿಟಕಿಯ ಕೆಳಗಿನ ಮೇಜು ಬರಿದು.

ತಾತ ಹೊರಗೆ ಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ.

"ತಾತಾ, ಇಲ್ಲಿದ್ದ ಗಂಟು?"

"ಒಳಗಿಂದ ಕೂಗಿದ್ರಲ್ಲಮ್ಮಾ, ಬೇಗ ತಾ ಅಂತ. ಬಾಗಿಲ ಹತ್ರದ ಮೇಜಲ್ಲಿ ಏನೂ ಇರ್ಲಿಲ್ಲ. ಇದರ ಮೇಲೆ ಗೆರೆ ಕಪ್ಪಗೇ ಇತ್ತು, ತಗೊಂಡ್ಹೋದೆ. ಗೆರೆ ನೋಡಿ ತಗೊಂಡ್ಹೋಗು ಅಂತ ನೀನೇ ಅಲ್ವಾ ಹೇಳಿರೋದು?"

ಹಬೆಯಕ್ಕ ಸೆರಗು ಸಿಕ್ಕಿಸಿಕೊಂಡಳು. ಆಪರೇಷನ್ ಕೋಣೆಯ ಬಾಗಿಲಿಗೆ ಓಡಿದಳು. ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಬಾಗಿಲ ಪಕ್ಕದ ಗೂಡಿನಲ್ಲಿ ಎರಡು ಗಂಟು ಇದ್ದವು. ಒಂದು ಒಳಗೆ ಹೋಗಿಬಿಟ್ಟಿದೆ. ಇಟ್ಟಿಗೆ ಹೊರುವ ಹೆಂಗಸೊಬ್ಬಳು ಆಗಲೇ ಮೇಜಿನ ಮೇಲೆ ಮಲಗಿದ್ದಾಳೆ. ಅವಳಾದ ಮೇಲೆ ಓರಗಿತ್ತಿ.

ಎರಡು ಗಂಟನ್ನೂ ಎತ್ತಿಕೊಂಡು ಹೋಗಿಬಿಡಬೇಕು ಎಂದು ಕೈ ಚಾಚಿದಳು. ಒಳಗಿನ ನರ್ಸು ಅಷ್ಟರಲ್ಲಿ ಕೈ ಹೊರಗೆ ಹಾಕಿ ಒಂದನ್ನು ತೆಗೆದುಕೊಂಡಳು. ಉಳಿದ ಒಂದನ್ನು ಹಬೆಯಕ್ಕ ಎದೆಗೆ ಅವಚಿಕೊಂಡಳು. ಆಮೇಲೆ ಅವಳ ಕಾಲು ಬೆಂಚಿನ ಕಡೆಗೆ ಹೋಯಿತು. ಬಾಗಿಲ ಕಡೆಗೆ ಹೋಗಲಿಲ್ಲ.

"ಇವಳಿಗೆ ಬೆಳಿಗ್ಗೆಯಿಂದ ಕೆಮ್ಮು" ಎಂದಳು ವಾರ್ಡಿನ ನರ್ಸಿಗೆ. "ಮೇಜಿನ ಮೇಲೆ ಕೆಮ್ಮಿದರೆ ಕಷ್ಟ. ಇವತ್ತು ಬೇಡ."

"ಯಾರಿಗೇ ಕೆಮ್ಮು? ನಾನೆಲ್ಲಿ ಕೆಮ್ಮಿದೆ?" ಎಂದು ಓರಗಿತ್ತಿ ಎಗರಿದಳು. ಹಬೆಯಕ್ಕ ಅವಳ ತೋಳು ಕಪ್ಪುಗಟ್ಟುವ ಹಾಗೆ ಚಿವುಟಿ ಎಬ್ಬಿಸಿದಳು.

"ಬಿಡಿ ಅಮ್ಮಾ, ನೀವು ಹೇಳಿದ ಹಾಗೇ ಆಯ್ತಲ್ಲ" ಎಂದು ದರ್ಜಿ ನಕ್ಕು ಎದ್ದು ನಿಂತ. "ನಾನೇ ಮೊದ್ಲು."

ಅದೇ ಹೊತ್ತಿಗೆ ಉದ್ದ ಸಿಸ್ಟರ್ ಬಾಗಿಲಲ್ಲಿ ಕಾಣಿಸಿಕೊಂಡರು. ಮುಖಕ್ಕೆ ಬಟ್ಟೆ, ಕಣ್ಣು ಮಾತ್ರ ಹೊರಗೆ. ಹಬೆಯಕ್ಕನ ಬಿಳುಪೇರಿದ ಮುಖ ನೋಡಿ, "ಏನಾಯಿತು ಅಕ್ಕ? ತೊಂದರೆ ಇದೆಯಾ?" ಎಂದು ಕೇಳಿದರು.

ಒಂದು ಮಾತು ಸಾಕಾಗಿತ್ತು. ಅವಳ ತಲೆಯಲ್ಲಿ ಎಲ್ಲವೂ ಒಟ್ಟಿಗೆ ಓಡಿತು. ಹೇಳಿದರೆ ಟೇಪಿನ ಕಥೆ ಹೊರಗೆ ಬೀಳುತ್ತದೆ. ಶಿಬಿರ ನಿಲ್ಲುತ್ತದೆ. ಓರಗಿತ್ತಿಯ ಕಣ್ಣು ಹಾಗೇ ಉಳಿಯುತ್ತದೆ. ಸಲಕರಣೆಗಳನ್ನು ಸೋಪು ಹಾಕಿ ತಿಕ್ಕಿ ಬಿಸಿನೀರಲ್ಲಿ ತೊಳೆದದ್ದಂತೂ ನಿಜ. ಏನೂ ಆಗಲಾರದು.

"ಏನಿಲ್ಲ ಸಿಸ್ಟರ್" ಎಂದಳು.

ದರ್ಜಿ ಗೋಡೆ ತಡವಿಕೊಂಡು ಒಳಗೆ ಹೋದ.

ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಇಟ್ಟಿಗೆ ಹೊರುವ ಹೆಂಗಸಿಗೆ ಎಲ್ಲವೂ ಕಂಡಿತು. ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ದರ್ಜಿ ಬೆಳಗಿನ ಜಾವದಿಂದಲೇ ತಲೆ ಹಿಡಿದುಕೊಂಡು ಕೂತಿದ್ದ. ಕಣ್ಣು ಕೆಂಡವಾಗಿತ್ತು. ಅದರ ಮರುದಿನ ಕೀವು ತುಂಬಿತು. ಡಾಕ್ಟರುಗಳು ಗಂಟೆಗೊಮ್ಮೆ ಹನಿ ಹಾಕಿಸಿದರು, ಸೂಜಿ ಕೊಟ್ಟರು. ಉದ್ದ ಸಿಸ್ಟರ್ ಎಲ್ಲವನ್ನೂ ತಪಾಸಣೆ ಮಾಡಿದರು. ಆಪರೇಷನ್ ಕೋಣೆಯನ್ನು ಒಂದು ದಿನ ಮುಚ್ಚಿ ಗೋಡೆ ನೆಲ ತೊಳೆಸಿದರು. ಕಣ್ಣಿನ ಹನಿಯ ಮೇಲೆ ಅನುಮಾನ ಬಂದು ಇಡೀ ಒಂದು ಪೆಟ್ಟಿಗೆ ಹನಿಯನ್ನು ಚರಂಡಿಗೆ ಸುರಿಸಿದರು. ಹಬೆಯಕ್ಕನೇ ಆ ಬಾಟಲಿಗಳ ಮುಚ್ಚಳ ತೆಗೆದು ಒಂದೊಂದಾಗಿ ಬಗ್ಗಿಸಿದಳು. ಹಬೆ ಕೋಣೆಗೂ ಸಿಸ್ಟರ್ ಬಂದು ಗಂಟುಗಳನ್ನು ತಿರುಗಿಸಿ ನೋಡಿದರು. ಎಲ್ಲದರ ಮೇಲೂ ಕಪ್ಪು ಗೆರೆ. "ನಿಮ್ಮಲ್ಲಿ ತಪ್ಪು ಇರಲ್ಲ ಅಂತ ಗೊತ್ತು" ಎಂದು ಭುಜ ತಟ್ಟಿ ಹೋದರು. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಆ ಸಂಜೆ ಮನೆಯಲ್ಲಿ ಓರಗಿತ್ತಿ ಅಡ್ಡ ಹಾಕಿದಳು.

"ಆ ದರ್ಜಿ ಕಣ್ಣು ಕೆಟ್ಟಿದೆಯಂತೆ. ನನ್ನ ಯಾಕೆ ಎಬ್ಬಿಸ್ಕೊಂಡು ಬಂದೆ? ನಿಜ ಹೇಳು. ನನಗೆ ಕಾಣಲ್ಲ ಅಷ್ಟೇ, ಬುದ್ಧಿ ಇದೆ."

ಹಬೆಯಕ್ಕ ಒಲೆಯ ಮುಂದೆ ಕುಕ್ಕರಿಸಿ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, "ನಾಳೆ ಸಿಸ್ಟರಿಗೆ ಹೇಳಿಬಿಡ್ತೀನಿ ಅಕ್ಕ" ಎಂದಳು.

ಓರಗಿತ್ತಿ ನೆಲ ತಡವಿ ಒಲೆಯ ಹತ್ತಿರಕ್ಕೆ ಸರಿದು ಕೂತಳು. ಬೈಗುಳ ಬರುತ್ತದೆ ಎಂದು ಹಬೆಯಕ್ಕ ಕಾಯುತ್ತಿದ್ದಳು.

"ನನ್ನ ಸರದಿ ಯಾವಾಗ ಹಾಕಿದಾರೆ?"

"ಹತ್ತನೇ ದಿನ."

"ಈಗ ಡ್ರಮ್ಮು ಸರಿಯಾಗಿದೆ ತಾನೇ?"

"ಡ್ರಮ್ಮು ಯಾವತ್ತೂ ಸರಿಯಾಗೇ ಇತ್ತು. ಈಗ ಕೋಣೆ ಬಿಟ್ಟು ಕದಲೋದೇ ಇಲ್ಲ. ಬೀಗ ಹಾಕ್ತೀನಿ."

"ಹಾಗಾದ್ರೆ ನಂದು ಆಗೋವರೆಗೂ ಬಾಯಿ ಬಿಡಬೇಡ."

"ಅಕ್ಕಾ..."

"ಅವನ ಕಣ್ಣು ಹೋದ್ದು ಹೋಯ್ತು. ನೀನು ಹೇಳಿದ್ರೆ ವಾಪಸ್ ಬರುತ್ತಾ? ಇಲ್ಲ ತಾನೇ? ನನ್ನದೂ ಹೋಗ್ಲಿ ಅಂತೀಯಾ? ಎರಡು ವರ್ಷ ಆಯ್ತು ಕಣೇ, ನಾನು ಒಂದು ಮುಖ ಅಂತ ನೋಡಿ."

ಹಬೆಯಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಒಂಬತ್ತನೆಯ ದಿನ ದರ್ಜಿಯ ಬಲಗಣ್ಣು ಪೂರ್ತಿ ಹೋಯಿತು ಎಂದು ಡಾಕ್ಟರು ಹೇಳಿದರು. ಹತ್ತನೆಯ ದಿನ ಓರಗಿತ್ತಿಯ ಆಪರೇಷನ್ ಆಯಿತು. ಆ ಗಂಟನ್ನು ಹಬೆಯಕ್ಕ ಎರಡು ಸಲ ಬೇಯಿಸಿ, ಯಾರ ಕೈಗೂ ಕೊಡದೆ ತಾನೇ ಹೊತ್ತುಕೊಂಡು ಹೋದಳು. ಹನ್ನೊಂದನೆಯ ದಿನ ಪಟ್ಟಿ ಬಿಚ್ಚಿದಾಗ ಓರಗಿತ್ತಿ ಮೊದಲು ಕಂಡದ್ದು ಹಬೆಯಕ್ಕನ ಮುಖವನ್ನೇ. ದಿಟ್ಟಿಸಿ ನೋಡಿ, "ಎಷ್ಟು ಮುದುಕಿ ಆಗಿಬಿಟ್ಟಿದೀಯೇ" ಎಂದಳು. ಸುತ್ತಲಿದ್ದ ನರ್ಸುಗಳು ನಕ್ಕರು. ಅವರಿಬ್ಬರೂ ನಗಲಿಲ್ಲ.

ಕೊನೆಯ ದಿನ ಡಾಕ್ಟರುಗಳು ಸಾಮಾನು ಕಟ್ಟುತ್ತಿದ್ದರು. ಹಬೆಯಕ್ಕ ಕಿಟಕಿಯ ಗಾಜಿನಿಂದ ಉಳಿದ ಟೇಪುಗಳನ್ನು ಕಿತ್ತು ಒಂದು ತಟ್ಟೆಯಲ್ಲಿ ಹಾಕಿಕೊಂಡು ಉದ್ದ ಸಿಸ್ಟರ್ ಮುಂದೆ ಇಟ್ಟಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಕೆಮ್ಮಿನ ಸುಳ್ಳನ್ನೂ ಹೇಳಿದಳು. ಓರಗಿತ್ತಿಯ ಮಾತು ಮಾತ್ರ ಹೇಳಲಿಲ್ಲ.

ಸಿಸ್ಟರ್ ಒಂದು ಟೇಪಿನ ತುಂಡು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ನಾನು ಬಾಗಿಲಲ್ಲಿ ಕೇಳಿದೆ ನಿಮ್ಮನ್ನ."

"ಹೌದು ಸಿಸ್ಟರ್."

"ಆಗ ಹೇಳಿದ್ದರೆ ದರ್ಜಿ ಒಳಗೇ ಬರುತ್ತಿರಲಿಲ್ಲ."

"ಹೌದು."

"ಅವತ್ತು ಸಂಜೆ ಹೇಳಿದ್ದರೂ ಆಗುತ್ತಿತ್ತು ಅಕ್ಕ. ಕೀವು ಬರುವ ಮೊದಲೇ ಕಣ್ಣಿನ ಒಳಗೆ ಸೂಜಿಮದ್ದು ಹಾಕುತ್ತಿದ್ದೆವು. ಉಳಿಯುತ್ತಿತ್ತು ಅಂತ ಹೇಳಲ್ಲ. ಉಳಿಯಬಹುದಿತ್ತು."

ಇದು ಹಬೆಯಕ್ಕನಿಗೆ ಗೊತ್ತಿರಲಿಲ್ಲ. ತಪ್ಪು ಆಗಿಹೋಯಿತು, ಇನ್ನು ಹೇಳುವುದು ಬಿಡುವುದು ತನ್ನ ಮರ್ಯಾದೆಯ ಪ್ರಶ್ನೆ ಅಷ್ಟೇ ಎಂದುಕೊಂಡಿದ್ದಳು. ಬೇಯಿಸುವುದು ಬಲ್ಲವಳು, ಕಣ್ಣಿನ ವಿಷಯ ಬಲ್ಲವಳಲ್ಲ.

ಸಿಸ್ಟರ್ ಅವಳನ್ನು ಕರೆದುಕೊಂಡೇ ವಾರ್ಡಿಗೆ ಹೋದರು. ದರ್ಜಿಯ ಮಂಚದ ಪಕ್ಕ ಕೂತು ಇದ್ದದ್ದು ಇದ್ದ ಹಾಗೆ ಹೇಳಿದರು. ತಮ್ಮ ಮುಖ್ಯ ಕಚೇರಿಗೂ ಇವತ್ತೇ ಬರೆಯುತ್ತೇನೆ ಎಂದರು. ಹಬೆಯಕ್ಕ ಮಂಚದ ಕಾಲು ನೋಡುತ್ತ ನಿಂತಿದ್ದಳು. ಅವನು ಉಗಿದರೂ ಉಗಿಸಿಕೊಳ್ಳುವುದೇ ಸರಿ ಎಂದು ಬಂದಿದ್ದಳು.

ದರ್ಜಿ ಸಿಸ್ಟರಿನ ಕಡೆಗೆ ಅಂದಾಜಿನ ಮೇಲೆ ತಿರುಗಿದ.

"ಬರೀಬೇಡಿ" ಎಂದ.

"ಬರೆಯಬೇಕು. ಅದು ನಿಯಮ."

"ನಿಯಮ ನಿಮ್ಮದು, ಕಣ್ಣು ನಂದು. ಬರೆದ್ರೆ ಮುಂದಿನ ವರ್ಷ ಡಾಕ್ಟರುಗಳ್ನ ಕಳಿಸ್ತಾರಾ ಅವರು? ನಂಗೆ ಇನ್ನೊಂದು ಕಣ್ಣಿದೆ ಸಿಸ್ಟರ್. ಅದನ್ನ ಯಾರು ಮಾಡ್ತಾರೆ?" ಆಮೇಲೆ ಹಬೆಯಕ್ಕ ನಿಂತಿದ್ದ ಕಡೆಗೆ ಕೈಯಾಡಿಸಿದ. "ಈಯಮ್ಮ ಎಷ್ಟೋ ದಿನ ಸುಮ್ನಿದ್ರಲ್ಲ. ಇನ್ನೊಂದು ವರ್ಷ ಇದ್ದಿದ್ರೆ ಏನಾಗ್ತಿತ್ತು?"

ಉದ್ದ ಸಿಸ್ಟರ್ ಬರೆದರು. ಬರೆಯದೆ ಇರುವ ಜೀವವಲ್ಲ ಅದು. ಟೇಪಿನ ಪೆಟ್ಟಿಗೆ ಬಂದರಿನಲ್ಲಿ ಕೂತದ್ದನ್ನೂ, ತಾವು ಗಾಜಿನ ಮೇಲಿನ ಟೇಪುಗಳನ್ನು ವರ್ಷಗಟ್ಟಲೆ ಕಂಡೂ ಏನೆಂದು ಕೇಳದೆ ಇದ್ದದ್ದನ್ನೂ ಬರೆದರಂತೆ. ಹಬೆಯಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ, ಬಟ್ಟೆ ಒಗೆಯುವ ಕಲ್ಲಿಗೆ ಹಾಕಿದರು. ಮುಂದಿನ ವರ್ಷ ಶಿಬಿರ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಡಾಕ್ಟರುಗಳನ್ನು ಬೇರೆ ದೇಶಕ್ಕೆ ಕಳಿಸಿದ್ದಾರೆ ಎಂದು ಒಂದು ಕಾಗದ ಬಂತು. ಸುತ್ತಲ ಊರುಗಳಿಂದ ಗೋಡೆ ತಡವಿಕೊಂಡು ಬಂದವರು ಹಾಗೇ ತಡವಿಕೊಂಡು ವಾಪಸಾದರು. ಪೇಟೆಯ ದೊಡ್ಡ ಆಸ್ಪತ್ರೆಗೆ ಹೋಗುವ ತ್ರಾಣ ಅವರಲ್ಲಿ ಯಾರಿಗೂ ಇರಲಿಲ್ಲ. ದರ್ಜಿಗೂ ಇರಲಿಲ್ಲ. ಅವನ ಎಡಗಣ್ಣಿನ ಪೊರೆ ದಪ್ಪವಾಗುತ್ತ ಹೋಯಿತು.

ಓರಗಿತ್ತಿ ತಾನು ಆಡಿದ ಮಾತನ್ನು ಒಂದು ದಿನವೂ ಒಪ್ಪಿಕೊಳ್ಳಲಿಲ್ಲ. "ನಾನ್ಯಾವಾಗ ಹೇಳಿದೆ? ನಿನ್ನ ಹೆದರಿಕೆಗೆ ನನ್ನ ಹೆಸರು ಸೇರಿಸ್ಬೇಡ" ಎನ್ನುತ್ತಿದ್ದಳು. ಆದರೆ ಮಧ್ಯಾಹ್ನದ ಕೆಲಸ ಮುಗಿಸಿ, ಯಾರಿಗೂ ಹೇಳದೆ, ದರ್ಜಿಯ ಅಂಗಡಿಗೆ ಹೋಗಲು ಶುರುಮಾಡಿದಳು. ಅವನು ಬೆರಳಿನಿಂದ ಅಳತೆ ಹೇಳುವನು, ಇವಳು ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುವಳು. ಗುಂಡಿ ಹೊಲಿಯುವಳು. ಕತ್ತರಿಸಿದ್ದು ಸೊಟ್ಟವಾದರೆ ಅವನು ಬೈಯುವನು, ಇವಳು ತಿರುಗಿ ಬೈಯುವಳು. ಸಂಬಳದ ಮಾತಿಲ್ಲ, ಯಾಕೆ ಬರುತ್ತೀಯ ಎಂದು ಅವನೂ ಕೇಳಲಿಲ್ಲ.

ಹಬೆಯಕ್ಕ ಒಮ್ಮೆ ಮಾತ್ರ ಆ ಅಂಗಡಿಯವರೆಗೆ ಹೋದಳು. ಆಸ್ಪತ್ರೆಯ ಹರಿದ ಹೊದಿಕೆಗಳನ್ನು ಹೊಲಿಸಲು ಕಳಿಸಿದ್ದರು. ಮೆಟ್ಟಿಲ ಮೇಲೆ ಗಂಟು ಇಳಿಸಿದಳು. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ದರ್ಜಿ ಹೊಸ ಬಟ್ಟೆಯೊಂದನ್ನು ಮೊಣಕಾಲ ಮೇಲೆ ಹರಡಿಕೊಂಡು ಸವರುತ್ತಿದ್ದ.

"ಇದು ಯಾವ ಬಣ್ಣ ಅಮ್ಮಾ?"

ಓರಗಿತ್ತಿ ಬಟ್ಟೆಯ ಅಂಚನ್ನು ಬೆಳಕಿಗೆ ಎತ್ತಿ ಹಿಡಿದಳು. "ನೀಲಿ" ಎಂದಳು. ತಡೆದು, "ಗಾಢ ನೀಲಿ ಅಲ್ಲ. ತೊಳೆದ ನೀಲಿ. ಅಂಚಲ್ಲಿ ಸಣ್ಣಗೆ ಬಿಳಿ ಎಳೆ ಇದೆ" ಎಂದಳು.

"ಬಿಳಿ ಎಳೆ ಎಷ್ಟು?"

"ಮೂರು."

ಅವನು ಬೆರಳಿಟ್ಟು ಆ ಮೂರನ್ನು ಹುಡುಕಿದ. ಸಿಗಲಿಲ್ಲ. ಓರಗಿತ್ತಿ ಅವನ ಬೆರಳು ಹಿಡಿದು ಅಂಚಿನ ಮೇಲೆ ಇಟ್ಟಳು. ಹಬೆಯಕ್ಕ ಹೊದಿಕೆಗಳನ್ನು ಮೆಟ್ಟಿಲ ಮೇಲೆಯೇ ಬಿಟ್ಟು, ಕೂಗದೆ, ಬಂದ ದಾರಿ ಹಿಡಿದಳು.